ಅವಧಿ ಇನ್ನೂ ಎರಡು ತಿಂಗಳಿದೆ, ಹುಳಿ ಬಂದಿಲ್ಲ, ಆದರೂ ಪ್ಯಾಕಿನ ಹಾಲು ಗಟ್ಟಿ. ಯಾಕೆ?

ಕತ್ತರಿಕೈ:
ಎಲ್ಲರಿಗೂ ನಮಸ್ಕಾರ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡಬಹುದಾದ ಹಾಲು ಬರುತ್ತದಲ್ಲ, ಯುಎಚ್‌ಟಿ ಪ್ಯಾಕು, ಅದನ್ನು ಒಂದೇ ಸಲ ಹನ್ನೆರಡು ತಂದಿಡುವುದು ನನ್ನ ರೂಢಿ. ಜಾಗ ಇದ್ದಷ್ಟು ಫ್ರಿಜ್ಜಿನೊಳಗೆ, ಉಳಿದದ್ದು ಒಲೆ ಮೇಲಿನ ಕಪಾಟಿನಲ್ಲಿ.

ನಿನ್ನೆ ರಾತ್ರಿ ಕಪಾಟಿನದೊಂದರ ಮೂಲೆ ಕತ್ತರಿಸಿ ಪಾತ್ರೆಗೆ ಬಗ್ಗಿಸಿದೆ. ಏನೂ ಬರಲಿಲ್ಲ. ಖಾಲಿಯೋ ಅಂದರೆ ಕೈಯಲ್ಲಿ ಭಾರ ಇದೆ. ಹೊಟ್ಟೆ ಅಮುಕಿದೆ. ಪೊಳಕ್ ಅಂತ ಒಂದು ಮುದ್ದೆ ಬಿತ್ತು. ನೀರು ಬಿಟ್ಟಿಲ್ಲ, ಒಡಕು ಇಲ್ಲ, ನುಣುಪಾಗಿ ಲೋಳೆ ಲೋಳೆ. ಚಮಚ ನಿಲ್ಲಿಸಿದರೆ ಒಂದು ಕ್ಷಣ ನಿಂತು ನಿಧಾನಕ್ಕೆ ವಾಲಿತು. ಮೂಸಿದೆ, ಹುಳಿ ವಾಸನೆ ಇಲ್ಲ. ನಾಲಿಗೆ ತುದಿಗೆ ಹಚ್ಚಿದೆ, ಸಣ್ಣಗೆ ಕಹಿ. ಪ್ಯಾಕು ಉಬ್ಬಿರಲಿಲ್ಲ. ಮುಗಿಯುವ ದಿನಾಂಕಕ್ಕೆ ಇನ್ನೂ ಎರಡು ತಿಂಗಳಿದೆ.

ಕ್ರಿಮಿ ಎಲ್ಲ ಸತ್ತ ಮೇಲೆ ಹಾಲು ಹೀಗಾಗುವುದು ಹೇಗೆ? ಗೊತ್ತಿದ್ದವರು ಹೇಳಿ.

ಸುಮ್ನಿರ್ತೀನಿ:
ಕಹಿ ಅಂತ ಗೊತ್ತಾಗೋಕೆ ನೆಕ್ಕಲೇಬೇಕಿತ್ತಾ ಮಾರಾಯರೇ?

ಗೊಣಗಣ್ಣ:
ಇದರಲ್ಲಿ ಕೇಳುವುದೇನಿದೆ. ಆರು ತಿಂಗಳು ಕೆಡದೇ ಇರುವ ಹಾಲು ಹಾಲೇ ಅಲ್ಲ. ಏನೋ ಔಷಧಿ ಸುರಿದಿರುತ್ತಾರೆ. ಅದರ ಪ್ರಮಾಣ ಹೆಚ್ಚುಕಮ್ಮಿ ಆಗಿದೆ, ಅಷ್ಟೇ.

ಬಿಸಿನೀರು:
ಪ್ಯಾಕಲ್ಲಿ ಸೂಜಿಮೊನೆಯಷ್ಟು ತೂತು ಆಗಿರುತ್ತದೆ. ಬ್ಯಾಕ್ಟೀರಿಯಾ ಒಳಗೆ ಹೋಗಿದೆ. ಬಿಸಾಕಿ.

ಕೆನೆಪದರ:
ಬಿಸಾಕಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಕಾರಣ ಮಾತ್ರ ಬೇರೆ ಇರಬಹುದು.

ಹಾಲಿನ ಲ್ಯಾಬಿನಲ್ಲಿ 11 ವರ್ಷ ಕೆಲಸ ಮಾಡಿದ್ದೇನೆ. ಗೊಣಗಣ್ಣನವರೇ, ಯುಎಚ್‌ಟಿ ಹಾಲು ತಿಂಗಳುಗಟ್ಟಲೆ ನಿಲ್ಲುವುದಕ್ಕೆ ಔಷಧಿ ಬೇಕಿಲ್ಲ. 135ರಿಂದ 150 ಡಿಗ್ರಿವರೆಗೆ ಕೆಲವೇ ಸೆಕೆಂಡು ಕಾಯಿಸಿ, ತಕ್ಷಣ ತಣಿಸಿ, ಕ್ರಿಮಿಯಿಲ್ಲದ ಜಾಗದಲ್ಲಿ ಕ್ರಿಮಿಯಿಲ್ಲದ ಪ್ಯಾಕಿಗೆ ತುಂಬುತ್ತಾರೆ. ಒಳಗೆ ಬೆಳೆಯುವ ಜೀವಿ ಉಳಿದಿಲ್ಲ, ಹೊರಗಿನಿಂದ ಬರಲು ದಾರಿಯಿಲ್ಲ. ಟೆಟ್ರಾ ಪ್ಯಾಕ್‌ನವರು ಈ ಬಗೆಯ ಪೊಟ್ಟಣವನ್ನು 1961ರಲ್ಲೇ ತಂದರು. ಹೊಸ ಮಾಟವೇನಲ್ಲ.

ತೂತಾಗಿ ಬ್ಯಾಕ್ಟೀರಿಯಾ ನುಗ್ಗಿದ್ದರೆ ಸಾಮಾನ್ಯವಾಗಿ ಹುಳಿ ಬರುತ್ತದೆ, ಇಲ್ಲವೇ ಗ್ಯಾಸ್ ತುಂಬಿ ಪ್ಯಾಕು ಉಬ್ಬುತ್ತದೆ, ವಾಸನೆ ಕೆಡುತ್ತದೆ. ಇವರು ಹೇಳಿದ ಮೂರು ಮಾತು ನೋಡಿ: ನುಣುಪು, ಹುಳಿ ಇಲ್ಲ, ಕಹಿ ಇದೆ. ನನಗಿದು ಇಟ್ಟಲ್ಲೇ ಗಟ್ಟಿಯಾಗುವ ಕಾಯಿಲೆ ಅನಿಸುತ್ತದೆ. ಕ್ರಿಮಿ ಇಲ್ಲದಿದ್ದರೂ ಹಾಲಿನ ಪ್ರೋಟೀನ್ ತಾನಾಗಿಯೇ ಜಾಲ ಕಟ್ಟಿಕೊಳ್ಳುವುದು.

ಕತ್ತರಿಕೈ ಅವರೇ, ಪಿಎಚ್ ಪಟ್ಟಿ ಇದೆಯಾ ನಿಮ್ಮಲ್ಲಿ?

ಕತ್ತರಿಕೈ:
ಮಗನ ಮೀನಿನ ತೊಟ್ಟಿಗೆ ತಂದದ್ದು ಇದೆ ಮೇಡಂ. ಮುದ್ದೆಗೆ ಅದ್ದಿ ನೋಡಿದೆ. 6.5ರ ಬಣ್ಣಕ್ಕೆ ಹೊಂದಿತು.

ಮೇಷ್ಟ್ರು_ರಸಾಯನ:
ಹಾಗಾದರೆ ಹುಳಿಯ ಕೆಲಸ ಅಲ್ಲ. ಒಳ್ಳೆಯ ಹಾಲಿನ ಪಿಎಚ್ 6.6ರಿಂದ 6.8. ಬಹಳ ದಿನ ಇಟ್ಟ ಯುಎಚ್‌ಟಿ ಹಾಲಿನಲ್ಲಿ ಒಂದು ಚೂರು ಇಳಿಯುವುದು ಸಹಜ. ಹುಳಿ ಬಂದು ಹೆಪ್ಪಾದ ಹಾಲಿನಲ್ಲಿ ಅದು 5ರ ಕೆಳಗೆ ಹೋಗಿರುತ್ತದೆ. ಮೊಸರಿಗೆ ಅದ್ದಿ ನೋಡಿ, ಬಣ್ಣದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಗೊಣಗಣ್ಣ:
ಮೀನಿನ ತೊಟ್ಟಿಯ ಪಟ್ಟಿ ನಂಬಿಕೊಂಡು ಸಂಶೋಧನೆ. ಭೇಷ್.

ಮೇಷ್ಟ್ರು_ರಸಾಯನ:
6.5ಕ್ಕೂ 4.5ಕ್ಕೂ ವ್ಯತ್ಯಾಸ ಹೇಳಲು ಆ ಪಟ್ಟಿ ಧಾರಾಳ ಸಾಕು ಅಣ್ಣ. 6.5ಕ್ಕೂ 6.6ಕ್ಕೂ ಕೇಳಿದರೆ ಸಾಲದು. ನಾವು ಕೇಳುತ್ತಿರುವುದು ಮೊದಲಿನದು.

ಬೆಳಗಿನಜಾವ:
ಇಟ್ಟಲ್ಲೇ ಗಟ್ಟಿಯಾಗುವುದು ಅಂದರೇನು ಮೇಡಂ? ನಮ್ಮಂಥ ದಡ್ಡರಿಗೂ ತಿಳಿಯುವ ಹಾಗೆ ಹೇಳಿ. ಪ್ರೋಟೀನ್ ಅಂದರೆ ಗಟ್ಟಿ ಪದಾರ್ಥ ಅಂತಷ್ಟೇ ನನಗೆ ಗೊತ್ತು.

ಕೆನೆಪದರ:
ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಹಸುವಿನ ಹಾಲಿನಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಮೂರೂವರೆ ಭಾಗದ ಆಸುಪಾಸು. ಅದರಲ್ಲಿ ಸುಮಾರು 80 ಪಾಲು ಕೇಸೀನ್, 20 ಪಾಲು ಹಾಲೊಡಕಿನ ಪ್ರೋಟೀನ್. ಎರಡರ ಸ್ವಭಾವ ಪೂರ್ತಿ ಬೇರೆ.

ಕೇಸೀನ್ ಬಿಡಿಬಿಡಿಯಾಗಿ ಓಡಾಡುವುದಿಲ್ಲ. ಸಾವಿರಾರು ಅಣು ಸೇರಿ ಒಂದು ಉಂಡೆ. ಮಧ್ಯೆ ಕ್ಯಾಲ್ಸಿಯಂ ಫಾಸ್ಫೇಟು ಗಾರೆಯ ಹಾಗೆ ಹಿಡಿದಿರುತ್ತದೆ. ಉಂಡೆಯ ಮೈಮೇಲೆ ಕಪ್ಪಾ ಕೇಸೀನ್ ಎಂಬ ಜಾತಿ, ಅದರ ಬಾಲಗಳು ಹೊರಕ್ಕೆ ನೆಟ್ಟಗೆ ಚಾಚಿಕೊಂಡಿರುತ್ತವೆ. ಕದಂಬದ ಹೂವು ನೋಡಿದ್ದೀರಲ್ಲ, ದುಂಡಗೆ, ಸುತ್ತ ಎಳೆ ಎಳೆ. ಹಾಗೆ. ಆ ಎಳೆಗಳಿರುವ ತನಕ ಎರಡು ಉಂಡೆ ಹತ್ತಿರ ಬಂದರೂ ಅಂಟಿಕೊಳ್ಳುವುದಿಲ್ಲ. ಹಾಲು ಹಾಲಾಗಿ ಹರಿಯುವುದು ಅದರಿಂದ. ಈ ಉಂಡೆಗಳು ಬೆಳಕನ್ನು ಚೆದುರಿಸುವುದರಿಂದಲೇ ಕೆನೆ ತೆಗೆದ ಹಾಲೂ ಬೆಳ್ಳಗೆ ಕಾಣುವುದು.

ಹಾಲೊಡಕಿನ ಪ್ರೋಟೀನಿನಲ್ಲಿ ದೊಡ್ಡ ಪಾಲು ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್. ಕೇಸೀನ್ ಕಾಯಿಸಿದರೆ ಬಗ್ಗುವುದಿಲ್ಲ, ಇದು ಬಗ್ಗುತ್ತದೆ. 70 ಡಿಗ್ರಿ ದಾಟಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಳಗೆ ಅಡಗಿದ್ದ ಒಂದು ಗಂಧಕದ ಕೊಂಡಿ ಹೊರಗೆ ಬರುತ್ತದೆ. ಆ ಕೊಂಡಿ ಹೋಗಿ ಕಪ್ಪಾ ಕೇಸೀನಿಗೆ ಸಿಕ್ಕಿಕೊಳ್ಳುತ್ತದೆ. 72 ಡಿಗ್ರಿಯಲ್ಲಿ 15 ಸೆಕೆಂಡು ಇಡುವ ಪಾಶ್ಚರೀಕರಣದಲ್ಲಿ ಇದು ಆಗುವುದು ತೀರಾ ಕಮ್ಮಿ. ಯುಎಚ್‌ಟಿಯಲ್ಲಿ ಜೋರಾಗಿ ಆಗುತ್ತದೆ. ಅಂದರೆ ಪ್ಯಾಕಿಗೆ ಬಿದ್ದಾಗಲೇ ಕದಂಬದ ಹೂವಿನ ಮೈಗೆ ಇನ್ನೊಂದು ಪ್ರೋಟೀನು ಜೋತುಬಿದ್ದಿರುತ್ತದೆ.

ಈ ಜೋಡಿ ಹೂವಿಗೇ ಅಂಟಿಕೊಂಡು ಕೂತರೆ ತೊಂದರೆ ಇಲ್ಲ. ವಾರ, ತಿಂಗಳು ಕಳೆದಂತೆ ಕಳಚಿ ಹೊರಗೆ ಬರುತ್ತದೆ. ಬಂದವು ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತವೆ. ಕೈಗಳು ಸಾಕಷ್ಟಾದ ದಿನ ಇಡೀ ಪ್ಯಾಕಿನಲ್ಲಿ ಒಂದೇ ಬಲೆ. ನಿಮ್ಮ ಪೊಳಕ್ ಅದೇ.

ಸುಮ್ನಿರ್ತೀನಿ:
ನಿಮ್ಮ ಪೊಳಕ್ ಅದೇ 😂

ಬೆಳಗಿನಜಾವ:
ಕದಂಬದ ಹೂವು ಚೆನ್ನಾಗಿ ಕೂತಿತು ಮೇಡಂ. ಆದರೆ ಕಳಚಿ ಬರುವುದು ಯಾಕೆ? ಯಾರಾದರೂ ಕತ್ತರಿಸಬೇಕಲ್ಲ?

ಕೆನೆಪದರ:
ಸರಿಯಾದ ಪ್ರಶ್ನೆ. ಕತ್ತರಿಸುವವರು ಎರಡು ಕಡೆಯಿಂದ ಬರುತ್ತಾರೆ. ಒಬ್ಬ ಮನೆಯವನೇ, ಇನ್ನೊಬ್ಬ ಬೀದಿಯಿಂದ ಬಂದವನು. ಮನೆಯವನ ಕತೆಯನ್ನು ದನದ_ಡಾಕ್ಟ್ರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಇದ್ದೀರಾ ಸರ್?

ದನದ_ಡಾಕ್ಟ್ರು:
ಇದ್ದೇನಮ್ಮ, ಈಗ ಮನೆ ಸೇರಿದೆ.

ಮನೆಯವನ ಹೆಸರು ಪ್ಲಾಸ್ಮಿನ್. ಒಂದು ಕಿಣ್ವ, ಅಂದರೆ ಎನ್ಜೈಮು. ರಕ್ತ ಹೆಪ್ಪುಗಟ್ಟಿದರೆ ಕರಗಿಸುವುದು ಅದರ ಮೂಲ ಕಸುಬು. ರಕ್ತದಿಂದ ಹಾಲಿಗೆ ಜಿನುಗುತ್ತದೆ. ಹೆಚ್ಚಿನದು ಪ್ಲಾಸ್ಮಿನೋಜೆನ್ ಎಂಬ ನಿದ್ದೆಯ ರೂಪದಲ್ಲಿ ಇರುತ್ತದೆ, ಬರಬರುತ್ತಾ ಎಚ್ಚರವಾಗುತ್ತದೆ. ಹಾಲಿನಲ್ಲಿ ಕೇಸೀನ್ ಉಂಡೆಗೇ ಅಂಟಿಕೊಂಡಿರುತ್ತದೆ. ಬೀಟಾ ಕೇಸೀನ್ ಸಿಕ್ಕರೆ ತುಂಡರಿಸುತ್ತದೆ. ಆ ತುಂಡುಗಳಲ್ಲಿ ಕೆಲವು ಕಹಿ. ಕತ್ತರಿಕೈ ಅವರ ನಾಲಿಗೆಗೆ ಸಿಕ್ಕಿದ್ದು ಬಹುಶಃ ಅದೇ.

ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿ ಪ್ಲಾಸ್ಮಿನ್ ಜಾಸ್ತಿ. ಕರೆಯುವುದು ನಿಲ್ಲಿಸುವ ಹೊತ್ತಿಗೆ ಬಂದ ಹಸುವಿನಲ್ಲೂ ಜಾಸ್ತಿ. ಹಾಲು ನೋಡಲು ಚೆನ್ನಾಗೇ ಇರುತ್ತದೆ. ಕೆಚ್ಚಲಲ್ಲಿ ಆದ ಗಾಯದ ಲೆಕ್ಕ ನಾಲ್ಕು ತಿಂಗಳ ಮೇಲೆ ಯಾರದೋ ಕಪಾಟಿನಲ್ಲಿ ಹೊರಬರುತ್ತದೆ. ರೈತರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಬಿಸಿನೀರು:
ತಡೀರಿ. 140 ಡಿಗ್ರಿಗೆ ಕಾಯಿಸಿದ ಮೇಲೂ ಕಿಣ್ವ ಬದುಕಿರುತ್ತದಾ? ಬ್ಯಾಕ್ಟೀರಿಯಾದ ಬೀಜಾಣುವೇ ಸಾಯುವ ಜಾಗದಲ್ಲಿ?

ಮೇಷ್ಟ್ರು_ರಸಾಯನ:
ಕಿಣ್ವಕ್ಕೆ ಜೀವ ಇಲ್ಲ, ಸಾಯುವ ಮಾತು ಬೇಡ. ಅದೂ ಒಂದು ಪ್ರೋಟೀನು. ಮಡಿಕೆ ಬಿಚ್ಚಿದರೆ ಕೆಲಸ ನಿಲ್ಲಿಸುತ್ತದೆ. ಎಷ್ಟು ಬಿಸಿ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಬೀಜಾಣು ಮುಗಿದರೂ ಕಿಣ್ವದ ಒಂದು ಪಾಲು ಉಳಿಯಬಹುದು.

ಇನ್ನೊಂದು ತಮಾಷೆ ಕೇಳಿ. ಪಾಶ್ಚರೀಕರಿಸಿದ ಹಾಲಿನಲ್ಲಿ ಪ್ಲಾಸ್ಮಿನ್ ಕೆಲಸ ಹಸಿ ಹಾಲಿಗಿಂತ ಜೋರಾಗುತ್ತದೆ. ಎಚ್ಚರ ಮಾಡಿಸುವವನನ್ನು ತಡೆಯುವ ಕಾವಲುಗಾರರು ಆ ಬಿಸಿಗೆ ಹೋಗಿಬಿಡುತ್ತಾರೆ, ಪ್ಲಾಸ್ಮಿನ್ ಹೋಗುವುದಿಲ್ಲ. ಪೊಲೀಸರನ್ನು ಮನೆಗೆ ಕಳಿಸಿ ಕಳ್ಳನನ್ನು ಬಿಟ್ಟ ಹಾಗೆ.

ಗೊಣಗಣ್ಣ:
ಅಂದರೆ ಕಾಯಿಸಿ ಕೆಡಿಸಿದರು ಅಂತಾಯಿತು. ನಾನು ಹೇಳಿದ್ದೂ ಅದನ್ನೇ.

ಮೇಷ್ಟ್ರು_ರಸಾಯನ:
ನೀವು ಹೇಳಿದ್ದು ಔಷಧಿ ಸುರಿದರು ಅಂತ. ಮೇಲೆ ಹೋಗಿ ಓದಿ.

ಬೆಳಗಿನಜಾವ:
ಬೀದಿಯಿಂದ ಬಂದವನು ಯಾರು ಹೇಳಲೇ ಇಲ್ಲ.

ಕೆನೆಪದರ:
ಸೂಡೊಮೋನಾಸ್ ಅಂತ ಒಂದು ಬ್ಯಾಕ್ಟೀರಿಯಾ ಬಳಗ. ಇವುಗಳಿಗೆ ತಣ್ಣಗಿನ ಜಾಗವೇ ಇಷ್ಟ. ಕರೆದ ಹಾಲನ್ನು 4 ಡಿಗ್ರಿಯಲ್ಲಿ ಇಟ್ಟರೂ ನಿಧಾನಕ್ಕೆ ಬೆಳೆಯುತ್ತವೆ. ಎರಡು ಮೂರು ದಿನ ಹಸಿ ಹಾಲು ತೊಟ್ಟಿಯಲ್ಲಿ ಕೂತರೆ ಸಂಖ್ಯೆ ಏರುತ್ತದೆ. ಮಿಲಿಲೀಟರಿಗೆ 10 ಲಕ್ಷ ಮುಟ್ಟುವ ಹೊತ್ತಿಗೆ ಪ್ರೋಟೀನ್ ಕತ್ತರಿಸುವ ಕಿಣ್ವವನ್ನು ಹಾಲಿಗೆ ಉಗುಳಿರುತ್ತವೆ.

ಬ್ಯಾಕ್ಟೀರಿಯಾ ಪಾಶ್ಚರೀಕರಣದಲ್ಲೇ ಸಾಯುತ್ತದೆ, ಕಷ್ಟವಿಲ್ಲ. ಅದು ಬಿಟ್ಟುಹೋದ ಕತ್ತರಿ ಯುಎಚ್‌ಟಿಯನ್ನೂ ದಾಟುತ್ತದೆ. ಪ್ಲಾಸ್ಮಿನ್‌ಗಿಂತ ಹಟಮಾರಿ. ಮೇಲಾಗಿ ಇದು ಕೈ ಹಾಕುವುದು ನೇರ ಕಪ್ಪಾ ಕೇಸೀನಿಗೆ. ಚೀಸ್ ಮಾಡಲು ರೆನೆಟ್ ಹಾಕುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಎಳೆ ಬೋಳಿಸಿದ ಕದಂಬದ ಹೂವುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನನ್ನ ಲ್ಯಾಬಿನಲ್ಲಿ ಒಂದು ಸಲ ಹೀಗಾಯಿತು. ತಂಪು ಮಾಡುವ ಯಂತ್ರ ಕೆಟ್ಟಿತ್ತು, ಹಬ್ಬದ ರಜೆ, ಹಸಿ ಹಾಲು ಲೆಕ್ಕಕ್ಕಿಂತ ಒಂದೂವರೆ ದಿನ ಜಾಸ್ತಿ ಕೂತಿತು. ಎಲ್ಲ ಪರೀಕ್ಷೆ ಪಾಸು. ಪ್ಯಾಕಾಯಿತು. ಕ್ರಿಮಿ ಪರೀಕ್ಷೆಯಲ್ಲಿ ಸೊನ್ನೆ. ಎರಡೂವರೆ ತಿಂಗಳಿಗೆ ನಾವು ಎತ್ತಿಟ್ಟಿದ್ದ ಮಾದರಿ ಬಿಚ್ಚಿದರೆ ಮೇಲೆ ಹಳದಿ ನೀರು, ಕೆಳಗೆ ಬಿಳಿ ಗಡ್ಡೆ. ಆ ದಿನ ಹಾಜರಿ ಪುಸ್ತಕ ತೆಗೆದು ನೋಡಿದ್ದು ನೆನಪಿದೆ, ಹಬ್ಬದ ದಿನ ಯಾರ ಪಾಳಿ ಅಂತ. ನನ್ನದೇ.

ಕತ್ತರಿಕೈ:
ಅಯ್ಯೋ. ನನ್ನದರಲ್ಲಿ ಹಳದಿ ನೀರು ಇರಲಿಲ್ಲ ಮೇಡಂ. ಒಂದೇ ಹದ.

ಕೆನೆಪದರ:
ಅದಕ್ಕೇ ಮೊದಲು ಪ್ಲಾಸ್ಮಿನ್ ನೆನಪಾಯಿತು. ನೀರು ಬಿಟ್ಟ ಗಡ್ಡೆಯಾದರೆ ಬ್ಯಾಕ್ಟೀರಿಯಾದ ಕತ್ತರಿ, ನುಣುಪು ಲೋಳೆಯಾದರೆ ಪ್ಲಾಸ್ಮಿನ್ ಅಂತ ಒಂದು ಅಂದಾಜು. ಕಣ್ಣಳತೆ ಅಷ್ಟೇ. ಖಚಿತ ಹೇಳಬೇಕಾದರೆ ತುಂಡುಗಳ ಗಾತ್ರ ನೋಡಬೇಕು. ಬ್ಯಾಕ್ಟೀರಿಯಾದ ಕಿಣ್ವ ಹೆಚ್ಚು ಸಣ್ಣಗೆ ಹೆಚ್ಚುತ್ತದೆ, ಪ್ಲಾಸ್ಮಿನ್ ದೊಡ್ಡ ತುಂಡು ಬಿಡುತ್ತದೆ.

ಬಿಸಿನೀರು:
ಸುಲಭದ ದಾರಿ ಇದೆಯಲ್ಲ. ಇನ್ನೂ ಹತ್ತು ಸೆಕೆಂಡು ಜಾಸ್ತಿ ಕಾಯಿಸಲಿ. ಕಿಣ್ವವೂ ಹೋಗುತ್ತದೆ, ತಲೆನೋವೂ ಹೋಗುತ್ತದೆ.

ಮೇಷ್ಟ್ರು_ರಸಾಯನ:
ಹಾಲೂ ಹೋಗುತ್ತದೆ. ಕಾಯಿಸಿದ ಮೇಲೆ ಬರುವ ಬೆಂದ ವಾಸನೆ ಎಲ್ಲಿಂದ ಅಂದುಕೊಂಡಿರಿ? ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಬಿಚ್ಚಿಕೊಂಡಾಗ ಹೊರಬರುವ ಗಂಧಕದಿಂದ. ಜೊತೆಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಹೋಗಿ ಪ್ರೋಟೀನಿನ ಲೈಸೀನ್‌ಗೆ ಅಂಟುತ್ತದೆ. ಮೈಲಾರ್ಡ್ ಕ್ರಿಯೆ. ಬಣ್ಣ ಕಂದಿಗೆ ತಿರುಗುತ್ತದೆ, ರುಚಿ ಬದಲಾಗುತ್ತದೆ, ಲೈಸೀನೂ ಒಂದಿಷ್ಟು ನಷ್ಟ. ಹಳೇ ಪದ್ಧತಿಯಲ್ಲಿ ಬಾಟಲಿಯೊಳಗೇ 110-120 ಡಿಗ್ರಿಗೆ 10-20 ನಿಮಿಷ ಬೇಯಿಸುತ್ತಿದ್ದರು. ಆ ಹಾಲು ಕುಡಿದವರಿಗೆ ಗೊತ್ತು, ಕೆನೆಬಣ್ಣ, ಸೀದ ಸಿಹಿ.

ಬಿಸಿನೀರು:
ನನಗೆ ಆ ರುಚಿಯೇ ಇಷ್ಟ.

ಸುಮ್ನಿರ್ತೀನಿ:
ಹೆಸರು ನೋಡಿದರೇ ಗೊತ್ತಾಗುತ್ತೆ ಬಿಡಿ.

ಕೆನೆಪದರ:
ಬಿಸಿನೀರು ಅವರ ಮಾತಲ್ಲಿ ಅರ್ಧ ನಿಜ ಇದೆ. ಯುಎಚ್‌ಟಿ ಎರಡು ಬಗೆ. ಒಂದರಲ್ಲಿ ಹಬೆಯನ್ನು ಹಾಲಿನೊಳಗೇ ನುಗ್ಗಿಸುತ್ತಾರೆ, ಕಣ್ಣು ಮಿಟುಕಿಸುವುದರಲ್ಲಿ ಬಿಸಿ, ಆಮೇಲೆ ನಿರ್ವಾತದಲ್ಲಿ ಆ ನೀರನ್ನು ಆವಿಯಾಗಿ ತೆಗೆದು ತಣಿಸುತ್ತಾರೆ. ಇನ್ನೊಂದರಲ್ಲಿ ಲೋಹದ ಕೊಳವೆ ಅಥವಾ ತಟ್ಟೆಯ ಆಚೆಯಿಂದ ಬಿಸಿ. ಇದು ನಿಧಾನ, ಹಾಲಿಗೆ ಒಟ್ಟು ತಾಗುವ ಶಾಖ ಜಾಸ್ತಿ. ಮೊದಲಿನದರ ರುಚಿ ಚೆನ್ನ, ಹಸಿ ಹಾಲಿಗೆ ಹತ್ತಿರ. ಆದರೆ ಪ್ಲಾಸ್ಮಿನ್ ಉಳಿಯುವುದೂ ಗಟ್ಟಿಯಾಗುವುದೂ ಅದರಲ್ಲೇ ಹೆಚ್ಚು. ಎರಡನೆಯದರಲ್ಲಿ ಬೆಂದ ವಾಸನೆ, ಬಾಳಿಕೆ ಮಾತ್ರ ಗಟ್ಟಿ. ನಾಲಿಗೆಗೆ ಒಳ್ಳೆಯದು ಕಪಾಟಿಗೆ ಕೆಟ್ಟದ್ದು, ಈ ಜಗಳ ಇನ್ನೂ ಮುಗಿದಿಲ್ಲ.

ಅದಕ್ಕೆ ನಡುವಿನ ಉಪಾಯ ಮಾಡುತ್ತಾರೆ. 140ಕ್ಕೆ ಹೋಗುವ ಮುಂಚೆ 90 ಡಿಗ್ರಿಯಲ್ಲಿ ಅರ್ಧದಿಂದ ಒಂದು ನಿಮಿಷ ಹಿಡಿಯುತ್ತಾರೆ. ಪ್ಲಾಸ್ಮಿನ್ ಅಲ್ಲೇ ಮಲಗುತ್ತದೆ. ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಬಿಚ್ಚಿಕೊಂಡು ಪ್ಲಾಸ್ಮಿನ್‌ನ ಗಂಧಕದ ಕೊಂಡಿಗೂ ಗಂಟು ಬೀಳುತ್ತದೆ, ಅದರಿಂದ ಮತ್ತೆ ಮಡಿಚಿಕೊಳ್ಳಲು ಆಗುವುದಿಲ್ಲ. ಬಲೆ ಕಟ್ಟುವ ಪ್ರೋಟೀನೇ ಇಲ್ಲಿ ನಮ್ಮ ಕಡೆ ನಿಲ್ಲುತ್ತದೆ ನೋಡಿ.

ಮೇಷ್ಟ್ರು_ರಸಾಯನ:
ಬ್ಯಾಕ್ಟೀರಿಯಾದ ಕಿಣ್ವದ ಬಗ್ಗೆ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ, ಹೇಳದೇ ಇರಲಾರೆ. 140 ಡಿಗ್ರಿಗೆ ಜಗ್ಗದ ಆ ಕಿಣ್ವ 55 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ತಾನಾಗಿ ಕುಗ್ಗುತ್ತದೆ. ಆ ಬಿಸಿಯಲ್ಲಿ ಅರ್ಧ ಬಿಚ್ಚಿಕೊಂಡವನ್ನು ಇನ್ನೂ ಗಟ್ಟಿ ಇರುವ ಜೊತೆಗಾರರೇ ಕತ್ತರಿಸಿ ಹಾಕುತ್ತವೆ. ತಮ್ಮನ್ನು ತಾವೇ ತಿನ್ನುವುದು. ಹೆಚ್ಚು ಬಿಸಿ ಅಂದರೆ ಹೆಚ್ಚು ಸುರಕ್ಷಿತ ಅನ್ನುವವರಿಗೆಲ್ಲ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ.

ಬಿಸಿನೀರು:
55ಕ್ಕೆ ಸೋಲುವುದು 140ಕ್ಕೆ ಸೋಲುವುದಿಲ್ಲವಾ? ಇದು ನಂಬುವ ಮಾತಾ ಸರ್?

ಮೇಷ್ಟ್ರು_ರಸಾಯನ:
ನನಗೂ ಮೊದಲು ನಂಬಿಕೆ ಬರಲಿಲ್ಲ. 140ರಲ್ಲಿ ಇರುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಎಲ್ಲವೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ, ಕತ್ತರಿಸಲು ಯಾರೂ ಎಚ್ಚರ ಇರುವುದಿಲ್ಲ. ತಣ್ಣಗಾದಾಗ ಒಂದಷ್ಟು ಮತ್ತೆ ಮಡಿಚಿಕೊಂಡು ಕೆಲಸಕ್ಕೆ ಬರುತ್ತವೆ.

ನಾಟಿ_ಹಸು:
ಇಷ್ಟೆಲ್ಲ ಯಾಕೆ? ಎ2 ಹಾಲು ತಗೊಳ್ಳಿ. ಅದು ಕೆಡುವುದೇ ಇಲ್ಲ.

ದನದ_ಡಾಕ್ಟ್ರು:
ಎ1, ಎ2 ವ್ಯತ್ಯಾಸ ಇರುವುದು ಬೀಟಾ ಕೇಸೀನಿನ 67ನೇ ಜಾಗದಲ್ಲಿ. ಒಂದರಲ್ಲಿ ಹಿಸ್ಟಿಡಿನ್, ಇನ್ನೊಂದರಲ್ಲಿ ಪ್ರೋಲಿನ್. ಒಂದೇ ಒಂದು ಅಮೈನೋ ಆಮ್ಲ. ಎ2 ಹಾಲಿನಲ್ಲೂ ಪ್ಲಾಸ್ಮಿನ್ ಇದೆ, ಸೂಡೊಮೋನಾಸ್ ಅದನ್ನೂ ಬಿಡುವುದಿಲ್ಲ. ಕೆಡುವುದೇ ಇಲ್ಲ ಅನ್ನುವ ಹಾಲನ್ನು ನಾನಂತೂ ನೋಡಿಲ್ಲ.

ನಾಟಿ_ಹಸು:
ನೀವು ನೋಡಿಲ್ಲ ಅಂದರೆ ಇಲ್ಲ ಅಂತ ಅಲ್ಲ.

ದನದ_ಡಾಕ್ಟ್ರು:
ಸರಿ ತಮ್ಮಾ. ಒಂದು ಲೋಟ ಹೊರಗಿಟ್ಟು ನಾಳೆ ಸಂಜೆ ಹೇಳು.

ಹೆಪ್ಪಜ್ಜಿ:
ನಡುವೆ ನನ್ನದೊಂದು. ಈ ಪ್ಯಾಕಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಆಗುವುದಿಲ್ಲ ಅಂತ ನಮ್ಮ ಸೊಸೆ ವಾದ ಮಾಡುತ್ತಾಳೆ. ನಾನು ಆಗುತ್ತದೆ ಅಂತೀನಿ. ಯಾರು ಸರಿ?

ಕೆನೆಪದರ:
ನೀವೇ ಸರಿ ಅಜ್ಜಿ. ಹೆಪ್ಪಿನಲ್ಲಿ ಜೀವ ಇರಬೇಕು, ಹಾಲು ಉಗುರುಬೆಚ್ಚಗಿರಬೇಕು, ಅಷ್ಟೇ. ಮೊಸರು ಆಗುವುದು ಹುಳಿಯಿಂದ. ಬಿಸಿಗೆ ಬಿಚ್ಚಿಕೊಂಡ ಹಾಲೊಡಕಿನ ಪ್ರೋಟೀನು ಕೇಸೀನಿಗೆ ಅಂಟಿದ್ದರೆ ಮೊಸರು ನೀರು ಬಿಡುವುದು ಕಮ್ಮಿ. ಮೊಸರಿಗೆ ಹಾಲನ್ನು ಚೆನ್ನಾಗಿ ಕಾಯಿಸುವುದು ಇದಕ್ಕೂ ಹೌದು.

ಸೊಸೆಯ ಮಾತಿಗೂ ಒಂದು ಆಧಾರ ಇದೆ. ರೆನೆಟ್ ಹಾಕಿ ಚೀಸ್ ಮಾಡಲು ಹೋದರೆ ಯುಎಚ್‌ಟಿ ಹಾಲು ಕೈಕೊಡುತ್ತದೆ. ಕಪ್ಪಾ ಕೇಸೀನ್ ಮೇಲೆ ಆ ಇನ್ನೊಂದು ಪ್ರೋಟೀನು ಕೂತುಬಿಟ್ಟಿದೆಯಲ್ಲ, ಗಡ್ಡೆ ಸರಿಯಾಗಿ ಕೂಡುವುದಿಲ್ಲ. ಅದನ್ನೇ ಮೊಸರಿಗೂ ಸೇರಿಸಿ ಹೇಳಿರಬೇಕು.

ಹೆಪ್ಪಜ್ಜಿ:
ಮೊದಲ ಪ್ಯಾರಾ ಮಾತ್ರ ಅವಳಿಗೆ ತೋರಿಸುತ್ತೇನೆ.

ಮೇಕೆಮನೆ:
ಮೇಕೆ ಹಾಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಬ್ಬರು ನಮ್ಮ ಹಾಲನ್ನು ಯುಎಚ್‌ಟಿಗೆ ತಗೊಂಡು ಹೋಗಿ ನೋಡಿದರು. ಗಟ್ಟಿಯಾಗಲಿಲ್ಲ, ತಳದಲ್ಲಿ ಬೆರಳು ದಪ್ಪ ಗಸಿ ಕೂತಿತು. ಅಲ್ಲಿಗೆ ಬಿಟ್ಟರು.

ಕೆನೆಪದರ:
ಮೇಕೆ ಹಾಲಿಗೆ ಅಷ್ಟು ಬಿಸಿ ತಡೆಯುವ ಶಕ್ತಿ ಕಮ್ಮಿ. ಹಾಲಿನ ನೀರಿನಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಅದರಲ್ಲಿ ಹೆಚ್ಚು. ಅದು ಪ್ರೋಟೀನು ಪ್ರೋಟೀನಿಗೆ ಸೇತುವೆ ಹಾಕಿಬಿಡುತ್ತದೆ, ಗುಂಪು ಭಾರವಾಗಿ ತಳಕ್ಕೆ ಇಳಿಯುತ್ತದೆ. ಸಿಟ್ರೇಟು ಅಥವಾ ಫಾಸ್ಫೇಟಿನ ಉಪ್ಪು ಚಿಟಿಕೆ ಸೇರಿಸಿ ಆ ಕ್ಯಾಲ್ಸಿಯಂ ಹಿಡಿದಿಡುವುದು ಒಂದು ದಾರಿ. ಹಸುವಿನ ಹಾಲಿನಲ್ಲೂ ಪಿಎಚ್ ಸ್ವಲ್ಪ ಇಳಿದಿದ್ದರೆ ಇದೇ ಗತಿ. ಅದಕ್ಕೇ ಹಾಲು ತಗೊಳ್ಳುವಾಗ ಅಷ್ಟೇ ಅಳತೆಯ ಆಲ್ಕೋಹಾಲ್ ಬೆರೆಸಿ ನೋಡುವುದು. ಚೂರು ಚೂರಾದರೆ ಯುಎಚ್‌ಟಿಗೆ ಬೇಡ.

ಗೊಣಗಣ್ಣ:
ಉಪ್ಪು ಸೇರಿಸುತ್ತಾರೆ. ಈಗ ಒಪ್ಪಿಕೊಂಡಿರಾ, ಸೇರಿಸುತ್ತಾರೆ!

ಕೆನೆಪದರ:
ಸೇರಿಸುವ ಕಡೆ ಸೇರಿಸುತ್ತಾರೆ ಅಣ್ಣ. ಅದು ಕ್ರಿಮಿ ಕೊಲ್ಲುವ ಔಷಧಿ ಅಲ್ಲ, ಪ್ರೋಟೀನು ಕೂಡಿಕೊಳ್ಳದಂತೆ ತಡೆಯುವ ಉಪ್ಪು. ಪ್ಯಾಕಿನ ಮೇಲೆ ಬರೆದಿರುತ್ತಾರೆ, ಓದಿ ನೋಡಿ. ಒಂದು ಪಾಯಿಂಟು ನಿಮಗೆ ಕೊಟ್ಟೆ.

ಗೊಣಗಣ್ಣ:
ದೇವರು ದೊಡ್ಡವನು.

ಕತ್ತರಿಕೈ:
ವಿಷಯಕ್ಕೆ ಬರೋಣ. ನನ್ನ ಕಪಾಟು ಒಲೆ ಮೇಲಿದೆ ಅಂದೆನಲ್ಲ. ಬಿಸಿಗೆ ಹೀಗಾಯಿತಾ? ಬಿಸಿ ಜಾಸ್ತಿ ಆದಷ್ಟೂ ಬೇಗ ಗಟ್ಟಿ ಅಲ್ವಾ?

ಮೇಷ್ಟ್ರು_ರಸಾಯನ:
ಹಾಗೇ ಅನಿಸುತ್ತದೆ. ಆದರೆ ಗಟ್ಟಿಯಾಗುವುದು ಅತಿ ಬೇಗ 25-30 ಡಿಗ್ರಿಯಲ್ಲಿ. ಫ್ರಿಜ್ಜಿನಲ್ಲಿ ನಿಧಾನ. 40ರ ಹತ್ತಿರ ಇಟ್ಟರೂ ನಿಧಾನ, ಕೆಲವೊಮ್ಮೆ ಗಟ್ಟಿಯಾಗುವುದೇ ಇಲ್ಲ.

ಅಷ್ಟು ಬಿಸಿಯಲ್ಲಿ ಯಾಕಿಲ್ಲ ಅನ್ನುವುದಕ್ಕೆ ಎರಡು ವಿವರಣೆ ಓದಿದ್ದೇನೆ. ಒಂದು, ಸಕ್ಕರೆ-ಪ್ರೋಟೀನು ಕ್ರಿಯೆ ಜೋರಾಗಿ ಕೇಸೀನ್ ಉಂಡೆಯೊಳಗೇ ಹೊಲಿಗೆ ಹಾಕಿದಂತಾಗುತ್ತದೆ, ಕಳಚಿ ಬರಬೇಕಾದ ಜೋಡಿ ಬರುವುದಿಲ್ಲ. ಇನ್ನೊಂದು, ಕಿಣ್ವ ಎಷ್ಟು ಕತ್ತರಿಸುತ್ತದೆ ಅಂದರೆ ಬಲೆ ಕಟ್ಟಲು ಉದ್ದದ ದಾರವೇ ಉಳಿಯುವುದಿಲ್ಲ. ಹಾಗಂತ ಬಿಸಿಯಲ್ಲಿ ಇಡಬೇಡಿ. ಗಟ್ಟಿ ಆಗದಿದ್ದರೂ ಕಂದು ಬಣ್ಣ, ಮುಗ್ಗು ರುಚಿ, ತಳದಲ್ಲಿ ಗಸಿ ಖಂಡಿತ.

ಬೆಳಗಿನಜಾವ:
ಕೆನೆ ತೆಗೆದದ್ದಾ, ಪೂರ್ತಿ ಕೆನೆ ಇದ್ದದ್ದಾ ನಿಮ್ಮ ಪ್ಯಾಕು?

ಕತ್ತರಿಕೈ:
ಕೆನೆ ತೆಗೆದದ್ದು. ಡಾಕ್ಟರ್ ಹೇಳಿದ್ದಾರೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ.

ಕೆನೆಪದರ:
ಅದೂ ಒಂದು ಸುಳಿವು. ಕೆನೆ ತೆಗೆದ ಹಾಲು ಪೂರ್ತಿ ಹಾಲಿಗಿಂತ ಬೇಗ ಗಟ್ಟಿಯಾಗುತ್ತದೆ.

ಸಿಹಿಬೇಡ:
ನಾನು ಲ್ಯಾಕ್ಟೋಸ್ ಇಲ್ಲದ ಯುಎಚ್‌ಟಿ ಕುಡಿಯುತ್ತೇನೆ. ಅದು ಯಾವಾಗಲೂ ಸ್ವಲ್ಪ ಕಂದು, ಹಳೆಯದಾದರೆ ಕಹಿ. ಅದೂ ಪ್ಲಾಸ್ಮಿನ್ನಾ?

ಮೇಷ್ಟ್ರು_ರಸಾಯನ:
ಕಂದು ಬಣ್ಣಕ್ಕೆ ಕಾರಣ ಬೇರೆ. ಲ್ಯಾಕ್ಟೋಸನ್ನು ಒಡೆದು ಗ್ಲೂಕೋಸ್, ಗ್ಯಾಲಕ್ಟೋಸ್ ಮಾಡಿರುತ್ತಾರೆ. ಆ ಎರಡು ಸಕ್ಕರೆ ಪ್ರೋಟೀನಿಗೆ ಇನ್ನೂ ಬೇಗ ಅಂಟುತ್ತವೆ. ಕಹಿಗೆ ಒಮ್ಮೊಮ್ಮೆ ಆ ಒಡೆಯುವ ಕಿಣ್ವವೇ ಕಾರಣ. ಅದರ ಜೊತೆ ಪ್ರೋಟೀನ್ ಕತ್ತರಿಸುವ ಕಿಣ್ವವೂ ಒಂದು ಕಣದಷ್ಟು ಬೆರೆತು ಬಂದಿದ್ದರೆ ಸಾಕು, ತಿಂಗಳುಗಟ್ಟಲೆ ಟೈಮಿದೆಯಲ್ಲ ಅದಕ್ಕೆ.

ಬಿಸಿನೀರು:
ಕೊನೆಗೆ ಒಂದು ನೇರ ಪ್ರಶ್ನೆ. ಗಟ್ಟಿಯಾದದ್ದನ್ನು ಕುಡಿದರೆ ಏನಾಗುತ್ತದೆ? ಪ್ರೋಟೀನೇ ತಾನೆ.

ಕೆನೆಪದರ:
ಕಿಣ್ವದಿಂದ ಮಾತ್ರ ಗಟ್ಟಿಯಾಗಿದ್ದರೆ ವಿಷವೇನಲ್ಲ. ಆದರೆ ಕಿಣ್ವದಿಂದ ಮಾತ್ರ ಅಂತ ಅಡುಗೆಮನೆಯಲ್ಲಿ ನಿಂತು ಹೇಳಲು ಆಗುವುದಿಲ್ಲ. ಬ್ಯಾಸಿಲಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಹುಳಿ ಬರಿಸದೆಯೇ ಹಾಲನ್ನು ಗಟ್ಟಿ ಮಾಡುತ್ತವೆ. ಪಾಶ್ಚರೀಕರಿಸಿದ ಹಾಲು ಫ್ರಿಜ್ಜಿನಲ್ಲಿದ್ದೂ ಸಿಹಿಯಾಗೇ ಒಡೆಯುವುದು ಇದರಿಂದ. ಅದಕ್ಕೇ ಗಟ್ಟಿಯಾದದ್ದು, ಕಹಿಯಾದದ್ದು ಚೆಲ್ಲಿ. ಪ್ಯಾಕು ಉಬ್ಬಿದ್ದರೆ ಬಾಯಿಗೆ ಹಚ್ಚಲೂ ಬೇಡಿ. ಕತ್ತರಿಸಿದ ಮೇಲೆ ಯುಎಚ್‌ಟಿ ಹಾಲೂ ಮಾಮೂಲಿ ಹಾಲೇ, ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಿ.

ಕತ್ತರಿಕೈ:
ಅದೇ ಡಬ್ಬದ ಮೂರು ಪ್ಯಾಕು ಉಳಿದಿದೆ. ಒಂದನ್ನು ಕಪಾಟಿನಲ್ಲೇ ಬಿಡುತ್ತೇನೆ, ಒಂದು ಫ್ರಿಜ್ಜಿಗೆ, ಇನ್ನೊಂದು ನೀರಿನ ಹಂಡೆ ಪಕ್ಕದ ತಣ್ಣನೆ ಮೂಲೆಗೆ. ಮೇಲೆ ಪೆನ್ನಲ್ಲಿ ತಾರೀಖು ಬರೆದಿದ್ದೇನೆ. ಐದು ವಾರ ಆದ ಮೇಲೆ ಬಂದು ಹೇಳುತ್ತೇನೆ.

ಸುಮ್ನಿರ್ತೀನಿ:
ಮರೆಯುತ್ತೀರಿ. ಬೆಟ್ಟು ಕಟ್ಟುತ್ತೀರಾ?

ಕತ್ತರಿಕೈ (ಐದು ವಾರದ ನಂತರ):
ಮರೆತಿಲ್ಲ ನೋಡಿ. ಇವತ್ತು ಕತ್ತರಿಸಿದೆ.

ಕಪಾಟಿನದು ಪೂರ್ತಿ ಲೋಳೆ. ಈ ಸಲ ಅಮುಕಿದರೂ ಬರಲಿಲ್ಲ, ಪ್ಯಾಕನ್ನೇ ಸೀಳಬೇಕಾಯಿತು. ನಿಲ್ಲಿಸಿದರೆ ಪ್ಯಾಕಿನ ಮೂಲೆಯ ಆಕಾರವೇ ಉಳಿಯಿತು. ಫ್ರಿಜ್ಜಿನದು ಸರಾಗವಾಗಿ ಹರಿಯಿತು, ತಳದಲ್ಲಿ ಮಾತ್ರ ತೆಳುವಾದ ಬಿಳಿ ಪದರ, ಬೆರಳಿಗೆ ಹಿಟ್ಟಿನಂತೆ ಹತ್ತಿತು. ಎರಡನ್ನೂ ಚೆಲ್ಲಿದೆ. ನೆಕ್ಕಲಿಲ್ಲ.

ಬೆಳಗಿನಜಾವ:
ಎರಡೇ ಹೇಳಿದಿರಿ. ಹಂಡೆ ಪಕ್ಕದ್ದು?

ಕತ್ತರಿಕೈ:
ಅದನ್ನು ಹೋದ ವಾರವೇ ಮಗ ಕತ್ತರಿಸಿ ಕುಡಿದುಬಿಟ್ಟಿದ್ದಾನೆ. ಮೇಲೆ ಬರೆದದ್ದು ನೋಡಲಿಲ್ಲವಾ ಅಂದೆ. ನಿನ್ನ ಫೋನ್ ನಂಬರ್ ಅಂದುಕೊಂಡೆ ಅಂದ. ಗಟ್ಟಿ ಇತ್ತಾ ಕೇಳಿದರೆ, "ಸ್ವಲ್ಪ ಕೆನೆ ಜಾಸ್ತಿ ಇತ್ತು, ಚೆನ್ನಾಗಿತ್ತು" ಅಂತಾನೆ.

ಮೇಷ್ಟ್ರು_ರಸಾಯನ:
ಕೆನೆ ತೆಗೆದ ಹಾಲಲ್ವಾ ಅದು?

ಕತ್ತರಿಕೈ:
ಹೂಂ ಸರ್.